ಯೂನಿಟ್ ಎದ್ದು ಹೋದ ಮೇಲೆ ಓಣಿಯಲ್ಲಿ ಉಳಿಯುವವನು

ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಸಂಜೆ ಬಂದಿದ್ದ. ಧಾರವಾಡದಲ್ಲಿ ಒಂದು ವೆಬ್ ಸೀರಿಸ್ ಶೂಟಿಂಗ್ ಇದೆಯಂತೆ. ಪ್ರೊಡಕ್ಷನ್ ಕೆಲಸಕ್ಕೆ ಕರೆದಿದ್ದಾರಂತೆ.

"ಅಣ್ಣಾ, ರೊಕ್ಕ ಕೊಡಂಗಿಲ್ಲಂತ. ಊಟ ಹಾಕ್ತಾರಂತ, ಕೆಲಸ ಕಲಿಯಾಕ ಸಿಗ್ತದಂತ. ಹೋಗ್ಲೇನು?"

ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡು ಕೂತ.

ಇಂಗ್ಲೆಂಡಿನಲ್ಲಿ ಈ ಕೆಲಸದವರಿಗೆ ರನ್ನರ್ ಅಂತಾರೆ, ಅಮೆರಿಕದಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್. ನಾನು ದುಡಿದ ಸೆಟ್‌ಗಳಲ್ಲಿ ನನಗೆ ಇದ್ದ ಹೆಸರು "ಏ ಲೋಕಲ್". ಎಲ್ಲರಿಗಿಂತ ಮೊದಲು ಬರಬೇಕು. ಸೀನ್ ಪೇಪರ್ ಜೆರಾಕ್ಸ್ ಮಾಡಿಸಬೇಕು. ಮೇಕಪ್ ಮುಗೀತಾ ನೋಡಬೇಕು. ಟೇಕ್ ಹೊತ್ತಿಗೆ ಓಣಿಯ ತುದಿಯಲ್ಲಿ ನಿಂತು ಬೈಕ್ ತಡೆಯಬೇಕು, ಬೈಸಿಕೊಳ್ಳಬೇಕು. ರಾತ್ರಿ ಫುಟೇಜ್ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಆಗುತ್ತದೆ. ಎರಡನ್ನೂ ಒಂದೇ ಗಾಡಿಯಲ್ಲಿ ಕಳಿಸಬಾರದು, ಆ ಗಾಡಿಗೆ ಏನಾದರೂ ಆದರೆ ದಿನದ ದುಡಿಮೆಯೇ ಹೋಯಿತು. ಹಾಗಾಗಿ ಒಂದು ನನ್ನ ಚೀಲದಲ್ಲಿ.

ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಬಗ್ಗೆ ನಮಗೆಲ್ಲ ಹೆಮ್ಮೆ. ನಾನು ಈ ತುದಿಯಲ್ಲಿ ನಿಂತಿದ್ದಾಗ ಆರ್ಟಿಸ್ಟ್ ಆ ತುದಿಯಲ್ಲಿ ಇಳಿದ ದಿನ ಮಾತ್ರ ಆ ಹೆಮ್ಮೆ ಸ್ವಲ್ಪ ಕಡಿಮೆಯಾಗಿತ್ತು.

ಕೆಲಸ ಕೆಟ್ಟದ್ದು ಅಂತ ಹೇಳ್ತಿಲ್ಲ. ಮಾನಿಟರ್ ಹಿಂದೆ ಸುಮ್ನೆ ನಿಂತರೂ ಎಷ್ಟೋ ಗೊತ್ತಾಗುತ್ತದೆ. ಜನರೇಟರ್ ಬಾಡಿಗೆ ಲೈಟ್ ಹತ್ತಿದರೂ ಹತ್ತದಿದ್ದರೂ ಓಡುತ್ತದೆ, ಮಧ್ಯಾಹ್ನದ ಊಟ ಅರ್ಧ ಗಂಟೆ ತಡವಾದರೆ ಸಂಜೆಯ ಒಂದು ಶಾಟ್ ಹೋಗುತ್ತದೆ. ಇದೆಲ್ಲ ಅಲ್ಲೇ ಕಲಿತದ್ದು.

ಆದರೆ ಒಂದು ಸಲ ಕಾಮನಕಟ್ಟಿ ಹತ್ತಿರ ಶೂಟಿಂಗ್. ನಾಯಕಿಯ ಅಜ್ಜಿಗೆ ಇಳಕಲ್ ಸೀರೆ ಬೇಕು. ಬೆಂಗಳೂರಿನಿಂದ ತಂದದ್ದು ಹೊಚ್ಚ ಹೊಸದು, ಮಡಿಕೆಯ ಗೆರೆ ಎದ್ದು ಕಾಣ್ತಿತ್ತು. ಬೆಳಿಗ್ಗೆ ಏಳು ಗಂಟೆ, ಅಂಗಡಿ ಯಾವುದೂ ತೆರೆದಿಲ್ಲ. ಮೂರನೇ ಮನೆಯ ಅಜ್ಜಿಯ ಹತ್ತಿರ ಹೋದೆ. ನಮ್ಮ ಅವ್ವನ ಪರಿಚಯದವರು. ಟ್ರಂಕ್ ತೆಗೆದು, ಟೋಪ್ ತೆನಿ ಸೆರಗಿನ ಹಳೆಯ ಸೀರೆ ಕೊಟ್ಟರು. "ನಿನ್ನ ಮಾರಿ ನೋಡಿ ಕೊಡಾಕತ್ತೀನಿ" ಅಂದರು.

ಸಂಜೆ ಸೀರೆ ವಾಪಸ್ ಬಂತು. ಸೆರಗಿನ ಮೇಲೆ ಅಂಗೈ ಅಗಲದ ಚಹಾದ ಕಲೆ. ಮ್ಯಾನೇಜರ್‌ಗೆ ತೋರಿಸಿದೆ. "ಬಿಲ್ ಇದೆಯಾ?" ಅಂದರು. ಅಜ್ಜಿಯ ಟ್ರಂಕಿಗೆ ಬಿಲ್ ಎಲ್ಲಿಂದ ತರಲಿ? ಎರಡು ದಿನಕ್ಕೆ ಯೂನಿಟ್, ಅಂದರೆ ಇಡೀ ಶೂಟಿಂಗ್ ತಂಡ, ಎದ್ದು ಹೋಯಿತು. ಚಹಾದಂಗಡಿಯಲ್ಲಿ ನನ್ನ ಹೆಸರಲ್ಲಿ ಉದ್ರಿ ಬರೆಸಿದ್ದೂ ಹಾಗೇ ಉಳಿಯಿತು. ತೀರಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು.

ಯೂನಿಟ್‌ನವರು ಲೋಕಲ್ ಹುಡುಗನನ್ನು ಯಾಕೆ ಇಟ್ಟುಕೊಳ್ತಾರೆ ಅಂತ ಆಗ ತಿಳಿಯಿತು. ಅವನ ಮುಖ ನೋಡಿ ಊರು ಬಾಗಿಲು ತೆಗೆಯುತ್ತದೆ. ಅದನ್ನು ಪುಕ್ಕಟೆ ಕೇಳೋದು ಯಾವ ನ್ಯಾಯ?

"ನಾವೆಲ್ಲ ಹಾಗೇ ಕಲಿತೆವು" ಅಂತ ಸೀನಿಯರ್‌ಗಳು ಹೇಳ್ತಾರೆ. ಕಲಿತಿರಬಹುದು. ಅವರಲ್ಲಿ ಎಷ್ಟು ಜನಕ್ಕೆ ಬೆಂಗಳೂರಿನಲ್ಲಿ ಸ್ವಂತ ಮನೆಯೋ ಮಾವನ ಮನೆಯೋ ಇತ್ತು ಅಂತಾನೂ ಹೇಳಲಿ. ಗದಗದಿಂದ, ಹಾವೇರಿಯಿಂದ ಹೋದವನು ಪಿಜಿ ಬಾಡಿಗೆ ಎಲ್ಲಿಂದ ಕಟ್ಟಬೇಕು? ಪುಕ್ಕಟೆ ದುಡಿಸೋ ಜಾಗದಲ್ಲಿ ಉಳ್ಳವರ ಮಕ್ಕಳಷ್ಟೇ ಉಳಿಯುತ್ತಾರೆ. ಆಮೇಲೆ ಉತ್ತರ ಕರ್ನಾಟಕದ ಭಾಷೆ ಪರದೆ ಮೇಲೆ ಸರಿಯಾಗಿ ಬರಲ್ಲ ಅಂತ ನಾವೇ ಗೊಣಗ್ತೀವಿ.

ಹೋಗೋದೇ ಆದರೆ ಅಂತ ಹುಡುಗನಿಗೆ ಇಷ್ಟು ಹೇಳಿದೆ. ಬಾಟಾ, ಅಂದರೆ ದಿನದ ಭತ್ಯೆ, ಎಷ್ಟು ಅಂತ ಮೊದಲೇ ಕೇಳು, ದಿನಾ ಸಂಜೆ ಕೈಗೆ ಇಸ್ಕೋ. ಸಾಮಾನು ತರೋಕೆ ಕಳಿಸಿದರೆ ಅಡ್ವಾನ್ಸ್ ಇಸ್ಕೊಂಡೇ ಹೊರಡು, ಜೇಬಿನಿಂದ ಹಾಕಬೇಡ. ಯಾರ ಮನೆಯ ವಸ್ತು ತಂದರೂ ಫೋಟೋ ತೆಗೆದು ಮ್ಯಾನೇಜರ್‌ಗೆ ವಾಟ್ಸಾಪ್ ಮಾಡು. "ಹಂಗ ಕೇಳಿದ್ರ ಬ್ಯಾಡಂತಾರೇನೋ ಅಣ್ಣಾ" ಅಂದ. ಅನ್ನಲಿ ಬಿಡು ಅಂದೆ. ಕೇಳ್ತಾನೋ ಇಲ್ವೋ, ನೋಡಬೇಕು.

ಆ ಅಜ್ಜಿ ಸೀರೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಕಡೆ ಹೋದಾಗಲೆಲ್ಲ ಕಟ್ಟೆಯ ಮೇಲಿಂದ ಕೂಗಿ ಕೇಳ್ತಾರೆ: "ಏನಪಾ, ನಮ್ಮ ಸೀರಿ ಸಿನಿಮಾ ಬಂತೇನು?"

ಆ ಸಿನಿಮಾ ಇವತ್ತಿಗೂ ರಿಲೀಸ್ ಆಗಿಲ್ಲ.