ಬಚ್ಚಲ ಹಿಂದಿನ ಹೂದೋಟ

ಮಲೆನಾಡಿನ ಮನೆಗಳಲ್ಲಿ ಅಂಗಳಕ್ಕೆ ಇರುವ ಮರ್ಯಾದೆ ಬಚ್ಚಲ ಹಿಂದಿನ ಜಾಗಕ್ಕಿಲ್ಲ. ಅಂಗಳದಲ್ಲಿ ಡೇರೆ, ಗುಲಾಬಿ, ಸೇವಂತಿಗೆ. ಬಂದವರೆಲ್ಲ ನಿಂತು ನೋಡಬೇಕು. ಹಿಂದುಗಡೆ ಹಲಸಿನ ಮರದ ನೆರಳು, ಮಿಂದ ನೀರು ಹರಿದು ಹೋಗುವ ಸಣ್ಣ ಚರಂಡಿ, ಪಾಚಿ ಹಿಡಿದ ಗೋಡೆ. ಕೆಸು, ಒಂದೆಲಗ ಯಾರೂ ನೆಡದೇ ಬೆಳೆದುಕೊಂಡಿರುತ್ತವೆ. ‘ಅಲ್ಲಿ ಬಿಸಿಲೇ ಬೀಳಲ್ಲ, ಏನು ಹೂ ಬಿಡುತ್ತೆ?’ ಅಂತ ಎಲ್ಲರೂ ಆ ಜಾಗದ ಆಸೆ ಬಿಟ್ಟಿರುತ್ತಾರೆ.

ನನ್ನ ಕೇಳಿದರೆ ಹೂದೋಟ ಮಾಡಬೇಕಾದ್ದೇ ಅಲ್ಲಿ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಆಷಾಢದಲ್ಲಿ ಬಟ್ಟೆ ಒಣಗಿಸಲಿಕ್ಕೇ ಬಿಸಿಲಿಲ್ಲ, ಗುಲಾಬಿಗೆ ಎಲ್ಲಿಂದ ತರೋಣ? ಎಲೆಗೆಲ್ಲ ಕಪ್ಪು ಚುಕ್ಕೆ ಬಿದ್ದು ಉದುರುತ್ತವೆ. ಆದರೂ ಪ್ರತಿ ವರ್ಷ ನರ್ಸರಿಯಿಂದ ಇನ್ನೊಂದು ತರುತ್ತೇವೆ. ಹಟ, ಅಷ್ಟೇ.

ನೆರಳು, ತೇವ ಎರಡನ್ನೂ ಇಷ್ಟಪಡುವ ಹೂಗಳು ನಮ್ಮ ಸುತ್ತಲೇ ಇವೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದ ನೋಡಿ. ನೀರು ಜಿನುಗುವ ಧರೆಯ ತುಂಬ ತಿಳಿಗುಲಾಬಿ ಬಣ್ಣದ ಪುಟ್ಟ ಹೂಗಳು. ಅವೆಲ್ಲ ನಮ್ಮ ಗೌರಿ ಹೂವಿನ ಕಾಡಿನ ನೆಂಟರು. ಪಶ್ಚಿಮ ಘಟ್ಟದಲ್ಲಿ ಈ ಕುಟುಂಬದ ಹಲವಾರು ಜಾತಿಗಳಿವೆ. ಎಷ್ಟೋ ಜಾತಿಗಳು ಬೇರೆಲ್ಲೂ ಸಿಗುವುದಿಲ್ಲ. ಅವಕ್ಕೆ ಯಾರು ಗೊಬ್ಬರ ಹಾಕಿದರು, ಅಲ್ವಾ?

ಮನೆಯ ಗೌರಿ ಹೂವನ್ನು, ಅಂದರೆ ಕರ್ಣಕುಂಡಲವನ್ನು, ಒಮ್ಮೆ ಬಿತ್ತಿದರೆ ಸಾಕು. ಬಲಿತ ಕಾಯಿಯನ್ನು ಬೆರಳಲ್ಲಿ ಸ್ವಲ್ಪ ಒತ್ತಿ ನೋಡಿ. ಚಟ್ಟನೆ ಸಿಡಿದು ಬೀಜ ಹಾರುತ್ತವೆ, ಸಿಪ್ಪೆ ಹುಳದ ಹಾಗೆ ಸುರುಟಿಕೊಂಡು ಕೈಯಲ್ಲೇ ಉಳಿಯುತ್ತದೆ. ಮಕ್ಕಳಿಗೆ ಒಮ್ಮೆ ತೋರಿಸಿದರೆ ಮುಗಿಯಿತು, ಒಂದು ಕಾಯಿಯನ್ನೂ ಬಿಡುವುದಿಲ್ಲ. ಮುಂದಿನ ವರ್ಷದ ಬಿತ್ತನೆಯೂ ಅವರಿಂದಲೇ ಆಗಿಬಿಡುತ್ತದೆ. ಒಂದೇ ಎಚ್ಚರಿಕೆ: ಇದಕ್ಕೆ ತೇವ ಬೇಕು, ನಿಂತ ನೀರು ಬೇಡ. ನೀರೇ ತುಂಬಿಕೊಂಡ ಮೆತ್ತನೆಯ ದಂಟು, ಬುಡದಲ್ಲಿ ಕೊಳೆತರೆ ಸಂಜೆಯೊಳಗೆ ಮಲಗುತ್ತದೆ. ಸ್ವಲ್ಪ ಏರು ಮಾಡಿ ನೆಡಬೇಕು.

ಚರಂಡಿಯ ಅಂಚು ಸುಗಂಧಿಗೆ ಮೀಸಲು. ಶುಂಠಿಯ ಕುಟುಂಬದ್ದು, ಎಲೆಯಲ್ಲೇ ಗೊತ್ತಾಗುತ್ತದೆ. ಗೆಡ್ಡೆಯ ಒಂದು ತುಂಡು ಹೂತರೆ ಕೆಸರಲ್ಲೂ ಹಬ್ಬುತ್ತದೆ. ಮಳೆ ಇಳಿಮುಖವಾಗುವ ಹೊತ್ತಿಗೆ ಬಿಳೀ ಹೂ. ಸಂಜೆ ಅರಳಿದರೆ ಮೀಯಲು ಹೋದವರು ಸೋಪಿನ ಪರಿಮಳ ಯಾವುದು, ಹೂವಿನದ್ದು ಯಾವುದು ಅಂತ ಗೊಂದಲಕ್ಕೆ ಬೀಳಬೇಕು. ದೂರದ ಕ್ಯೂಬಾ ದೇಶಕ್ಕೆ ಇದೇ ರಾಷ್ಟ್ರೀಯ ಹೂ. ನಮ್ಮಲ್ಲಿ ಬಚ್ಚಲ ನೀರು ಕುಡಿದುಕೊಂಡು ಸುಮ್ನೆ ಇದೆ.

ಬಿಗೋನಿಯಾ, ಆಂಥೂರಿಯಂ ಕೂಡ ಇಲ್ಲಿ ಬರುತ್ತವೆ. ಬಸವನಹುಳುವಿನ ಕಾಟ ಮಾತ್ರ ಜಾಸ್ತಿ. ಹಂಡೆ ಒಲೆಯ ಬೂದಿಯನ್ನು ಸುತ್ತ ಉದುರಿಸಿದರೆ ಒಂದು ಮಳೆ ಬರುವವರೆಗೆ ತಡೆಯಬಹುದು. ಮಲೆನಾಡಲ್ಲಿ ಅದು ಎಷ್ಟು ಹೊತ್ತು ಅಂತ ಕೇಳಬೇಡಿ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ವಾಸಿ.

ಇನ್ನೊಂದು ಹುಳುವಿದೆ, ಅದಕ್ಕೆ ಮದ್ದಿಲ್ಲ. ಪಕ್ಕದ ಮನೆಯವರು ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯಲು ಬಂದವರು, ‘ಮಾರಾಯ್ತಿ, ಕದ್ದ ಗಿಡ ಚೆನ್ನಾಗಿ ಬರ್ತದಂತೆ’ ಅನ್ನುತ್ತಾ ಸೆರಗಿನಡಿ ಸುಗಂಧಿಯ ಗೆಡ್ಡೆ ಮುಚ್ಚಿಕೊಂಡು ಹೋಗುತ್ತಾರೆ. ಅವರ ಅಂಗಳದ ಡೇರೆ ಗೆಡ್ಡೆಯ ಮೇಲೆ ನನಗೂ ಕಣ್ಣಿದೆ.