ವರ್ಷದ ಆಟಗಾರನಿಗೆ ಮತ: ಟೂರ್ನಿಗೆ ಮೊದಲೋ, ಆಮೇಲೋ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಋತು ನವೆಂಬರಿನಲ್ಲಿ ಶುರುವಾಗಿ, ಮಾರ್ಚ್ ನಡುವಿನ ಹೊತ್ತಿಗೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುವ 68 ತಂಡಗಳ ನಾಕೌಟ್ ಟೂರ್ನಿಗೆ ಬಂದು ತಲುಪುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊಡುವ ವರ್ಷದ ಆಟಗಾರ ಗೌರವಕ್ಕೂ, 1948ರಿಂದ ನಡೆದುಬಂದಿರುವ ಅದರ ಆಲ್-ಅಮೆರಿಕ ತಂಡಕ್ಕೂ (ವರ್ಷದ ಅತ್ಯುತ್ತಮರನ್ನು ಐದೈದು ಜನರ ಮೊದಲ, ಎರಡನೆಯ ತಂಡಗಳಾಗಿ ಹೆಸರಿಸುವ ಗೌರವ ಪಟ್ಟಿ) ಮತ ಹಾಕುವವರು, ವಾರವಾರವೂ ತಂಡಗಳ ಶ್ರೇಯಾಂಕ ನಿರ್ಧರಿಸುವ ಅರವತ್ತರ ಆಸುಪಾಸಿನ ಪತ್ರಕರ್ತರು. ಟೂರ್ನಿ ಶುರುವಾಗುವ ಮೊದಲೇ ಅವರ ಮತಪತ್ರ ಸೇರಬೇಕಾದ ಕಡೆ ಸೇರಿರಬೇಕು. ಈ ಪದ್ಧತಿ ಸರಿಯೇ?

ಪರ: ನಾಲ್ಕು ತಿಂಗಳ ಆಟಕ್ಕೆ ಸಲ್ಲುವ ಗೌರವ

2023ರ ಮಾರ್ಚ್ 17ರಂದು ಕೊಲಂಬಸ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಒಂದನೇ ಶ್ರೇಯಾಂಕದ ಆ ತಂಡವನ್ನು 63-58ರಿಂದ ಮಣಿಸಿದ್ದು ತನ್ನ ಗುಂಪಿನ ಕೊನೆಯದಾದ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್. ಕಾಲೇಜು ಆಟದ ಮೇಲ್ದರ್ಜೆಯಾದ ಡಿವಿಷನ್ 1ರ ಮುನ್ನೂರಕ್ಕೂ ಹೆಚ್ಚು ತಂಡಗಳಲ್ಲಿ ಸರಾಸರಿ ಎತ್ತರದಲ್ಲಿ ಎಲ್ಲಕ್ಕಿಂತ ಗಿಡ್ಡ ತಂಡ. ಪರ್ಡ್ಯೂ ಪಾಳಯದಲ್ಲಿದ್ದವನು 7 ಅಡಿ 4 ಅಂಗುಲದ ಜ್ಯಾಕ್ ಈಡಿ. ಎದುರಾಳಿಗಳು ಇಬ್ಬಿಬ್ಬರಾಗಿ ಮುತ್ತಿಕೊಂಡರೂ ಅವನು 21 ಪಾಯಿಂಟ್ಸ್ ಗಳಿಸಿ, 15 ರೀಬೌಂಡ್ ಹಿಡಿದಿದ್ದ. ಹೀಗೆ ಮುತ್ತಿದ್ದರಿಂದ ಬೇರೆಡೆ ಖಾಲಿ ಬಿದ್ದ ಜಾಗದಿಂದ ಪರ್ಡ್ಯೂ 26 ಬಾರಿ ಮೂರು ಪಾಯಿಂಟ್‌ಗಳ ಎಸೆತಕ್ಕೆ ಕೈಹಾಕಿತು, ಚೆಂಡು ಬುಟ್ಟಿಗೆ ಬಿದ್ದದ್ದು ಐದೇ ಸಲ. ಆ ವರ್ಷದ ಪ್ರಶಸ್ತಿ ಈಡಿಗೇ ಸಂದಿತು. ಆ ಸೋಲಿಗೆ ಮೊದಲಿನ 34 ಪಂದ್ಯಗಳಲ್ಲಿ 29ನ್ನು ಗೆದ್ದ ತಂಡದ ಬೆನ್ನೆಲುಬಾಗಿದ್ದವನ ಲೆಕ್ಕವನ್ನು ಜೊತೆಗಾರರ ಕೈ ಕೆಟ್ಟ ಒಂದೇ ಸಂಜೆಗಾಗಿ ಅಳಿಸಿಹಾಕುವುದು ಯಾವ ನ್ಯಾಯ?

ಟೂರ್ನಿಯಲ್ಲಿ ಒಬ್ಬನಿಗೆ ಆರು ಪಂದ್ಯ ಸಿಗಬಹುದು, ಇನ್ನೊಬ್ಬನಿಗೆ ಒಂದೇ, ಟೂರ್ನಿಗೆ ಬಾರದ ತಂಡದ ಒಳ್ಳೆಯ ಆಟಗಾರನಿಗೆ ಒಂದೂ ಇಲ್ಲ. ಹೀಗಿರುವಾಗ ಎಲ್ಲರಿಗೂ ಸಮಾನವಾದ ಅಳತೆಗೋಲು ಋತುವಿನ ಪಂದ್ಯಗಳೇ. ಟೂರ್ನಿಯ ಹೀರೊಗೆ ಬೇರೆ ಗೌರವ ಇದ್ದೇ ಇದೆ. 2024ರ ಫೈನಲ್ ನಮ್ಮಲ್ಲಿ ಮಂಗಳವಾರ ಬೆಳಗಿನ ಕಾಫಿಯ ಹೊತ್ತಿಗೆ ಶುರುವಾಯಿತು. ಕನೆಕ್ಟಿಕಟ್ ಎದುರು ಈಡಿ 37 ಪಾಯಿಂಟ್ಸ್ ಗಳಿಸಿಯೂ ಪರ್ಡ್ಯೂ 75-60ರಿಂದ ಸೋತಿತು. ಅಂತಿಮ ಘಟ್ಟದ ಅತ್ಯುತ್ತಮ ಆಟಗಾರನ ಗೌರವ ಗೆದ್ದ ತಂಡದ ಟ್ರಿಸ್ಟನ್ ನ್ಯೂಟನ್‌ಗೆ ಹೋಯಿತು, ವರ್ಷದ ಆಟಗಾರನ ಪಟ್ಟ ಸತತ ಎರಡನೆಯ ಸಲ ಈಡಿಗೆ ಬಂತು. ಇಬ್ಬರಿಗೂ ಅವರವರದು ದಕ್ಕಿತು.

ವಿರೋಧ: ಸಣ್ಣ ಕಾಲೇಜಿನವನನ್ನು ನೋಡುವುದು ಯಾವಾಗ?

ಈಡಿಯಂಥವನಿಗೆ ಈ ಪದ್ಧತಿಯಿಂದ ನಷ್ಟವಿಲ್ಲ. ಅವನ ಪಂದ್ಯಗಳು ವಾರಕ್ಕೆರಡು ಸಲ ದೇಶದ ಕಣ್ಣ ಮುಂದೆಯೇ ನಡೆಯುತ್ತವೆ. ನಷ್ಟವಾಗುವುದು 2008ರ ಸ್ಟೀಫನ್ ಕರಿಯಂಥವನಿಗೆ. ಅವನು ಆಡುತ್ತಿದ್ದ ನಾರ್ತ್ ಕೆರೊಲೈನಾ ರಾಜ್ಯದ ಡೇವಿಡ್‌ಸನ್, ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಕಾಲೇಜು. ಋತುವಿನ ಮೊದಲ ಭಾಗದಲ್ಲಿ ಅದು ನಾರ್ತ್ ಕೆರೊಲೈನಾ, ಡ್ಯೂಕ್, ಯುಸಿಎಲ್‌ಎ ತಂಡಗಳಿಗೆ ಸೋತಿತ್ತು. ಆಮೇಲೆ ಗೆದ್ದದ್ದು ಬಹುಪಾಲು ಸದರ್ನ್ ಕಾನ್ಫರೆನ್ಸ್ ಎಂಬ ಸಣ್ಣ ಲೀಗಿನಲ್ಲಿ, ಆದ್ದರಿಂದ ಆ ಗೆಲುವುಗಳನ್ನು ಹೇಗೆ ತೂಗಬೇಕೆಂಬುದು ದೂರದ ಪತ್ರಕರ್ತನಿಗೆ ನಿಜಕ್ಕೂ ಕಷ್ಟದ ಪ್ರಶ್ನೆ. ಮತದಾರರು ಕರಿಯನ್ನು ಆಲ್-ಅಮೆರಿಕದ ಎರಡನೆಯ ತಂಡದಲ್ಲಿಟ್ಟರು.

ಉತ್ತರ ಸಿಕ್ಕಿದ್ದು ಮತಪತ್ರ ಕಳಿಸಿಯಾದ ಮೇಲೆ. ಟೂರ್ನಿಯಲ್ಲಿ ಗೊನ್ಜಾಗಾ ಎದುರು ಕರಿ 40 ಪಾಯಿಂಟ್ಸ್ ಗಳಿಸಿದ, ಅದರಲ್ಲಿ 30 ದ್ವಿತೀಯಾರ್ಧದಲ್ಲೇ ಬಂದವು. ಎರಡನೇ ಶ್ರೇಯಾಂಕದ ಜಾರ್ಜ್‌ಟೌನ್ ಒಂದು ಹಂತದಲ್ಲಿ 17 ಪಾಯಿಂಟ್‌ಗಳಿಂದ ಮುಂದಿತ್ತು, ಅಲ್ಲಿಂದ ಪಂದ್ಯ ತಿರುಗಿ ಡೇವಿಡ್‌ಸನ್ ಗೆದ್ದಿತು. ಕರಿಯ ಪಾಲು 30. ವಿಸ್ಕಾನ್ಸಿನ್ ಎದುರು 33. ಕ್ಯಾನ್ಸಸ್ ಎದುರು 59-57ರಿಂದ ಹಿಂದಿದ್ದಾಗ ಕೊನೆಯ ಕ್ಷಣಗಳಲ್ಲಿ ಇಬ್ಬರು ಅವನಿಗೆ ಅಡ್ಡಗಟ್ಟಿದರು. ಅವನು ಚೆಂಡನ್ನು ಜೊತೆಗಾರನಿಗೆ ದಾಟಿಸಿದ, ಆ ಎಸೆತ ಬುಟ್ಟಿಗೆ ಬೀಳಲಿಲ್ಲ. ಆ ಟೂರ್ನಿಯನ್ನೇ ಗೆದ್ದ ಕ್ಯಾನ್ಸಸ್ ಅಂದು ಅಷ್ಟರಲ್ಲಿ ಪಾರಾಯಿತು.

ನಾರ್ತ್ ಕೆರೊಲೈನಾ ತಂಡದ ಟೈಲರ್ ಹ್ಯಾನ್ಸ್‌ಬ್ರೋ ಆ ವರ್ಷದ ಆಟಗಾರನಾದದ್ದಕ್ಕೆ ನನ್ನ ತಕರಾರಿಲ್ಲ. ಮೊದಲ ಐವರಲ್ಲಿ ಕರಿ ಇಲ್ಲದ ಪಟ್ಟಿಯನ್ನು ಆ ಮಾರ್ಚ್ ಕೊನೆಯಲ್ಲಿ ಓದಿದವನಿಗೆ ನಗು ಬಂದಿದ್ದರೆ ತಪ್ಪಲ್ಲ, ಅಷ್ಟೆ. ಟೂರ್ನಿಯ ಪಂದ್ಯಗಳನ್ನೇ ಮುಖ್ಯವಾಗಿ ನೋಡಿ ಎಂದು ಕೇಳುವವರು ಯಾರೂ ಇಲ್ಲ. ಅವೂ ಪಂದ್ಯಗಳೇ, ಬಲಾಢ್ಯರ ಎದುರು ಆಡಿದವು, ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂಬಷ್ಟೇ ಬೇಡಿಕೆ. ಈಡಿಯ 34 ಪಂದ್ಯಗಳು 35 ಆಗಿದ್ದರೆ ಅವನ ಪ್ರಶಸ್ತಿಯೇನೂ ಕೈತಪ್ಪುತ್ತಿರಲಿಲ್ಲ. ವರ್ಷದ ಆಟಗಾರನ ಹೆಸರನ್ನು ಸಾಮಾನ್ಯವಾಗಿ ಸೆಮಿಫೈನಲ್ ನಡೆಯುವ ಊರಿನಲ್ಲಿ, ಆ ಪಂದ್ಯಗಳ ಹಿಂದಿನ ದಿನದ ಸುಮಾರಿಗೆ ಘೋಷಿಸುತ್ತಾರೆ. ಅಷ್ಟು ಹೊತ್ತಿಗೆ ಮತಪತ್ರಗಳಿಗೆ ಮೂರು ವಾರದಷ್ಟು ವಯಸ್ಸಾಗಿರುತ್ತದೆ. ಕೊನೆಯ ದಿನವನ್ನು ಮೊದಲ ನಾಲ್ಕು ಸುತ್ತು ಮುಗಿಯುವವರೆಗೆ ಮುಂದೂಡಿದರೂ ಘೋಷಣೆಯನ್ನು ಒಂದು ದಿನವೂ ಮುಂದೆ ಹಾಕಬೇಕಾಗುವುದಿಲ್ಲ.