ಬಟನ್ ಆಫ್ ಇದ್ದರೂ ಕಂಪ್ರೆಸರ್ ಓಡಬಹುದು

ಕಾರಿನ ಎಸಿ ಬಗ್ಗೆ ನಿಮ್ಮ ಬರಹದಲ್ಲಿ, ಬಟನ್ ಆಫ್ ಮಾಡಿದರೆ ಕಂಪ್ರೆಸರ್ (ಎಸಿಯ ಗ್ಯಾಸನ್ನು ಒತ್ತಿ ತಳ್ಳುವ ಭಾಗ) ನಿಂತೇ ಹೋಗುತ್ತದೆ ಎಂದು ಬರೆದಿದ್ದೀರಿ. ಎಲ್ಲ ಕಾರುಗಳಲ್ಲೂ ಹಾಗಲ್ಲ. ಮುಂದಿನ ಗಾಜಿಗೆ ಗಾಳಿ ಬಿಡುವ ಡಿಫ್ರಾಸ್ಟ್ ಹಾಕಿದರೆ ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್ ತಾನಾಗಿಯೇ ಶುರುವಾಗುತ್ತದೆ. ಕೆಲವದರಲ್ಲಿ ಬಟನ್ನಿನ ದೀಪವೂ ಹತ್ತುವುದಿಲ್ಲ. ಇದು ದೋಷವಲ್ಲ. ಎಸಿಯಲ್ಲಿ ಗಾಳಿಯನ್ನು ತಂಪು ಮಾಡುವ ಭಾಗವಾದ, ತಣ್ಣಗಿರುವ ಇವಾಪರೇಟರ್ ದಾಟಿ ಬರುವಾಗ ಗಾಳಿಯ ತೇವ ನೀರಾಗಿ ಇಳಿದುಹೋಗುತ್ತದೆ. ಆ ಒಣ ಗಾಳಿಯಿಂದಲೇ ಗಾಜಿನ ಮಂಜು ಬೇಗ ಹೋಗುವುದು. ಜೊತೆಗೆ ಹೀಟರ್ ಇದ್ದರೆ ಇನ್ನೂ ಒಳ್ಳೆಯದು. ಇಂಧನ ಉಳಿಸಲು ಹೋಗಿ ಮಳೆಯಲ್ಲಿ ಡಿಫ್ರಾಸ್ಟ್ ಆಫ್ ಮಾಡಬೇಡಿ, ದಾರಿ ಕಾಣುವುದು ಮುಖ್ಯ ಅಲ್ವಾ?

ಇನ್ನು, ಎಸಿ ಆನ್ ಇದ್ದಾಗಲೂ ಕಂಪ್ರೆಸರ್ ಆಗಾಗ ನಿಲ್ಲುವುದು ಸಹಜ. ಇವಾಪರೇಟರ್ ಮೇಲೆ ಐಸ್ ಕಟ್ಟಬಾರದಲ್ಲ! ಹೀಗೆ ನಿಂತಿತೆಂದು ಗ್ಯಾಸ್ ಕಡಿಮೆಯಾಗಿದೆ ಅಂದುಕೊಂಡು ಸುಮ್ನೆ ತುಂಬಿಸಬೇಡಿ. ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತಾ ಆನ್-ಆಫ್ ಆಗುತ್ತಿದ್ದು, ತಂಪೂ ಕಡಿಮೆಯಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.